ಬಿಡಿಸುವ ದ್ರವದ ವಿಚಾರ

ಪಾಲಿಯೆಸ್ಟರ್ ಬಟ್ಟೆಗೆ ಮೂಲವಾದ ಪ್ಯಾರಾಕ್ಸೈಲೀನ್ ಎಂಬ ದ್ರವವು ಪೆಟ್ರೋಲಿಯಂ ಕಾರ್ಖಾನೆಗಳಲ್ಲಿ ತನ್ನ ಸೋದರ ದ್ರವಗಳೊಡನೆ ಬೆರೆತೇ ದೊರೆಯುತ್ತದೆ. ಅದು ಕುದಿಯುವುದು 138.4 ಡಿಗ್ರಿ ಸೆಂಟಿಗ್ರೇಡಿನಲ್ಲಿ, ಮೆಟಾಕ್ಸೈಲೀನ್ 139.1 ಡಿಗ್ರಿಯಲ್ಲಿ. ಕೂದಲೆಳೆಯಷ್ಟು ಅಂತರ. ಇದನ್ನು ನಂಬಿ ಬಟ್ಟಿಯಿಳಿಸಿ ಬೇರ್ಪಡಿಸುವುದು ಆಗದ ಮಾತು. ಆದುದರಿಂದ, ತಣಿಸಿ ಹರಳುಗಟ್ಟಿಸುವ ಹಳೆಯ ಕ್ರಮದ ಜೊತೆಗೆ, 1970ರ ದಶಕದಿಂದ ಈಚೆಗೆ ಇನ್ನೊಂದು ಮಾರ್ಗ ರೂಢಿಗೆ ಬಂದಿತು. ಬೇರಿಯಂ, ಪೊಟ್ಯಾಸಿಯಂ ಅಯಾನುಗಳನ್ನು ಸೇರಿಸಿದ ಜಿಯೊಲೈಟಿನ ಮೂಲಕ ಮಿಶ್ರಣವನ್ನು ಹಾಯಿಸಿದರೆ ಅದರ ಸೂಕ್ಷ್ಮರಂಧ್ರಗಳ ಒಳಮೈಗೆ ಪ್ಯಾರಾಕ್ಸೈಲೀನಿನ ಅಣುಗಳು ಹೆಚ್ಚಾಗಿ ಅಂಟಿಕೊಳ್ಳುತ್ತವೆ. ಉಳಿದವು ಮುಂದೆ ಹರಿದುಹೋಗುತ್ತವೆ. ಇದಕ್ಕೆ ಅಧಿಶೋಷಣೆಯೆಂದು ಹೆಸರು.

ಇಷ್ಟು ಹೇಳಿ, ಜಿಯೊಲೈಟನ್ನು ಕೊಂಡಾಡಿ ಸುಮ್ಮನಾಗುವುದು ವಾಡಿಕೆ. ಅಂಟಿಕೊಂಡದ್ದನ್ನು ಬಿಡಿಸುವವರಾರು? ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬಂತಾದರೆ ಕಾರ್ಖಾನೆ ನಡೆದೀತೆ? ಮತ್ತೊಂದು ದ್ರವವನ್ನು ಹರಿಸಿ, ಅದರ ಅಣುಗಳಿಂದ ಪ್ಯಾರಾಕ್ಸೈಲೀನನ್ನು ಸ್ಥಳಬಿಡಿಸಬೇಕು. ಈ ದ್ರವವೇ ವಿಶೋಷಕ. ಇದರ ಆಯ್ಕೆಗೂ ಜಿಯೊಲೈಟಿನ ಆಯ್ಕೆಯಷ್ಟೇ ಮನ್ನಣೆ ಸಲ್ಲತಕ್ಕದ್ದೆಂದು ನಾನು ಬಲ್ಲೆ. ಹೊಸ ಅಧಿಶೋಷಕವನ್ನು ಸಾರಿ ಹೇಳುವವರು ಅದಕ್ಕೆ ತಕ್ಕ ವಿಶೋಷಕ ಯಾವುದೆಂಬುದನ್ನು ಹೇಳದಿದ್ದರೆ ಅವರ ಕೆಲಸ ಅರ್ಧವೇ ಸರಿ.

ವಿಶೋಷಕದ ಅಂಟುವ ಬಲ ಕಡಿಮೆಯಾದರೆ ಕೊಡಗಟ್ಟಲೆ ಸುರಿದರೂ ಪ್ಯಾರಾಕ್ಸೈಲೀನ್ ಕದಲದು. ಬಲ ಅತಿಯಾದರೆ ವಿಶೋಷಕವೇ ರಂಧ್ರಗಳಲ್ಲಿ ಬೀಡುಬಿಟ್ಟು, ಮುಂದಿನ ಸರದಿಯ ಪ್ಯಾರಾಕ್ಸೈಲೀನಿಗೆ ಎಡೆಗೊಡದು. ಎರಡರ ಬಲವೂ ಹೆಚ್ಚುಕಡಮೆ ಸಮನಾಗಿರಬೇಕು.

ನಿಜವಾದ ಖರ್ಚು ಇರುವುದು ಇದರ ಮುಂದಿನ ಹಂತದಲ್ಲಿ. ಹೊರಬಂದ ಪ್ಯಾರಾಕ್ಸೈಲೀನಿನಲ್ಲಿ ವಿಶೋಷಕ ಬೆರೆತಿರುತ್ತದೆ. ಅದನ್ನು ಬೇರ್ಪಡಿಸಲು ಬಟ್ಟಿಯಿಳಿಸುವುದೇ ಗತಿ! ಜಗತ್ತಿನ ಒಟ್ಟು ಶಕ್ತಿವ್ಯಯದಲ್ಲಿ ಶೇಕಡಾ 10ರಿಂದ 15ರಷ್ಟು ಬಟ್ಟಿಯಿಳಿಸುವುದೇ ಮೊದಲಾದ ಬೇರ್ಪಡಿಸುವ ಕ್ರಮಗಳಿಗೇ ಹೋಗುತ್ತದೆಂದು ಶೋಲ್ ಮತ್ತು ಲೈವ್ಲಿ ಎಂಬ ವಿಜ್ಞಾನಿಗಳು 2016ರಲ್ಲಿ ಬರೆದರು. ಅಧಿಶೋಷಣೆಯು ಈ ವೆಚ್ಚವನ್ನು ಇಲ್ಲವಾಗಿಸುತ್ತದೆಂಬ ಪ್ರಚಾರವನ್ನು ಕೇಳುವಾಗ ಇದನ್ನು ಮರೆಯಲಾಗದು.

110.6 ಡಿಗ್ರಿಯಲ್ಲಿ ಕುದಿಯುವ ಟಾಲೂಯೀನನ್ನು ವಿಶೋಷಕವಾಗಿ ಬಳಸಿದರೆ ಆವಿಯಾಗಬೇಕಾದದ್ದು ಅದೇ. ಅದರ ಮೊತ್ತವೋ ಸಾಮಾನ್ಯವಾಗಿ ದೊರೆತ ಪ್ಯಾರಾಕ್ಸೈಲೀನಿಗಿಂತ ಅಧಿಕ. ಸುಮಾರು 184 ಡಿಗ್ರಿಯಲ್ಲಿ ಕುದಿಯುವ ಪ್ಯಾರಾ ಡೈಈಥೈಲ್ ಬೆಂಜೀನನ್ನು ಆರಿಸಿದರೆ ಪ್ಯಾರಾಕ್ಸೈಲೀನ್ ಮಾತ್ರ ಆವಿಯಾಗಿ ಮೇಲೇರುತ್ತದೆ, ವಿಶೋಷಕ ತಳದಲ್ಲೇ ಉಳಿಯುತ್ತದೆ. ಉರುವಲು ಉಳಿಯಿತು. ಆದರೆ ಮಿಶ್ರಣದಲ್ಲಿ ಒಂಬತ್ತು ಇಂಗಾಲದ ಪರಮಾಣುಗಳುಳ್ಳ ಭಾರವಾದ ದ್ರವ್ಯಗಳಿದ್ದರೆ ಅವೂ ಆ ವಿಶೋಷಕದೊಡನೆ ತಳದಲ್ಲಿ ಸೇರಿ ಸುತ್ತುತ್ತ ದಿನೇ ದಿನೇ ಹೆಚ್ಚುತ್ತವೆ. ಆದ್ದರಿಂದ ಅವನ್ನು ಮೊದಲೇ ಬಟ್ಟಿಯಿಳಿಸಿ ತೆಗೆದುಹಾಕಬೇಕಾಗುತ್ತದೆ. ಟಾಲೂಯೀನಿಗೆ ಈ ಕಟ್ಟುಪಾಡು ಅಷ್ಟಿಲ್ಲ. ಮೇಲಾಗಿ ಅದು ಅದೇ ಕಾರ್ಖಾನೆಯಲ್ಲಿಯೇ ಸಿಗುವ ಪದಾರ್ಥ. ಈ ಲೆಕ್ಕದ ಮೇಲೆ ಟಾಲೂಯೀನನ್ನೇ ಆಯ್ದುಕೊಂಡ ವಿನ್ಯಾಸಗಳೂ ಈಚೆಗೆ ಬಳಕೆಗೆ ಬಂದಿವೆ.