ಆಲ್ಟ್-ಟ್ಯಾಬ್ ಯಾರ ಮನೀದು?

ಮೊನ್ನೆ ವೈನಿ ಫೋನ್ ಮಾಡಿ, "ಏನವಾ, ಹುಬ್ಬಳ್ಳ್ಯಾಗ ಕೂತು ಬೆಂಗಳೂರಿನ ಕಂಪ್ಯೂಟರ್ ನಡಸ್ತೀಯಂತ, ಖರೇನ?" ಅಂತ ಕೇಳಿದ್ರು. ಖರೇನ ವೈನಿ. ರಿಮೋಟ್ ಡೆಸ್ಕ್‌ಟಾಪ್ ಅಂತಾರ. ಲ್ಯಾಪ್‌ಟಾಪ್ ನಮ್ಮ ಡೈನಿಂಗ್ ಟೇಬಲ್ ಮ್ಯಾಲೆ, ಅದರೊಳಗ ಕಾಣೋದು ಆಫೀಸಿನ ಕಂಪ್ಯೂಟರ್. ಕೀಬೋರ್ಡ್ ಒಂದು, ಮನಿ ಎರಡು. ತವರುಮನಿ, ಅತ್ತಿಮನಿ ಎರಡೂ ಸಂಭಾಳಿಸಿದವರಿಗೆ ಇದೇನ್ ಮಹಾ ಅನ್ಕೊಂಡಿದ್ದೆ.

ಹೋದ ತಿಂಗಳು ನಮ್ಮ ಅತ್ತಿಯವರ ಶುಗರ್ ರಿಪೋರ್ಟ್ ಬಂತು. ತಂಗಿಗೆ ಕಳಸೋಣ ಅಂತ ಲ್ಯಾಪ್‌ಟಾಪ್‌ನಾಗ ನಾಕ್ ಸಾಲು ಬರದು, "ಹೇಳಿದ್ರ ಕೇಳೂದಿಲ್ಲ, ಕದ್ದು ಪೇಢೆ ತಿಂತಾರ" ಅಂತನೂ ಸೇರಿಸಿ, ಕಾಪಿ ಮಾಡಿದೆ. ಅಷ್ಟರಾಗ ಸರ್ ಒಂದು ಬಿಲ್ ನೋಡಂದ್ರು. ಆಫೀಸಿನ ಕಂಪ್ಯೂಟರ್ ಫುಲ್ ಸ್ಕ್ರೀನ್ ಮಾಡಿ ನೋಡಿದೆ. ಆಮ್ಯಾಲೆ ವಾಟ್ಸ್ಯಾಪಿಗೆ ಬರ್ಲಿಕ್ಕೆ ಆಲ್ಟ್-ಟ್ಯಾಬ್, ಕಂಟ್ರೋಲ್-ವಿ, ಎಂಟರ್. ಕುಕ್ಕರ್ ಸೀಟಿ ಹೊಡೀತಿತ್ತು, ಸ್ಕ್ರೀನ್ ನೋಡಲೇ ಇಲ್ಲ.

ಹೋಗಿದ್ದು ಆಫೀಸಿನ ಚಾಟ್‌ಗೆ. ಒಬ್ರು "ಪೇಢೆ ನಮಗೂ ಕಳಸ್ರಿ" ಅಂದ್ರು. ಎಲ್ಲಾರೂ ನಕ್ಕರು. ನನಗ ನಗು ಬರಲಿಲ್ಲ. ಅತ್ತಿಯವರ ಜಡ್ಡು ಯಾರ್‍ಯಾರದೋ ಬಾಯಾಗ ಹೋತಲ್ಲ! ಅವರಿಗೆ ನಾನ ಹೇಳಿದೆ. ಎರಡು ದಿನಾ ಮಾತಾಡ್ಲಿಲ್ಲ. ಈಗ ಅವರನ್ನ ಕೇಳೇ ಇದನ್ನ ಬರೀಲಿಕ್ಹತ್ತೀನಿ.

ತಪ್ಪು ನಂದ, ಆದ್ರ ನಂದೊಂದ ಅಲ್ಲ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್‌ನಾಗ ನಾವು ಏನೂ ಬದಲ್ ಮಾಡದಿದ್ರ, ಸಣ್ಣ ವಿಂಡೋ ಇದ್ದಾಗ ಆಲ್ಟ್-ಟ್ಯಾಬ್ ನಮ್ಮನೀದು, ಫುಲ್ ಸ್ಕ್ರೀನ್ ಆದ್ರ ಆಫೀಸಿಂದು. ಒಂದ ಕೀಗೆ ಎರಡು ಅರ್ಥ! ಮ್ಯಾಲೆ ನಾವು ಇಲ್ಲಿ ಕಾಪಿ ಮಾಡಿದ್ದು ಅಲ್ಲೂ ಪೇಸ್ಟ್ ಆಗ್ತದ.

ಅದಕ್ಕ ನನ್ನ ಹಟಾ ಏನಂದ್ರ, ಆಲ್ಟ್-ಟ್ಯಾಬ್ ಯಾವಾಗ್ಲೂ ನಮ್ಮನೀದ ಇರಬೇಕು. ಕನೆಕ್ಟ್ ಮಾಡೋಕ್ಕಿಂತ ಮೊದಲ ಶೋ ಆಪ್ಷನ್ಸ್, ಅದರಾಗ ಲೋಕಲ್ ರಿಸೋರ್ಸಸ್, ಕೀಬೋರ್ಡ್ ಅನ್ನೋ ಕಡೆ 'ಆನ್ ದಿಸ್ ಕಂಪ್ಯೂಟರ್' ಆರಿಸ್ರಿ. ಅಲ್ಲೇ ಕ್ಲಿಪ್‌ಬೋರ್ಡ್ ಮುಂದಿನ ಟಿಕ್ಕೂ ತಗೀರಿ. ಆಫೀಸಿನ ಕಡೆ ಒಂದರಿಂದ ಒಂದಕ್ಕ ಹೋಗ್ಲಿಕ್ಕೆ ಆಲ್ಟ್-ಪೇಜ್‌ಅಪ್ ಅದ, ಸ್ಟಾರ್ಟ್ ಮೆನುಗೆ ಆಲ್ಟ್-ಹೋಮ್ ಅದ. ಕಂಟ್ರೋಲ್-ಆಲ್ಟ್-ಡಿಲೀಟ್ ಹೆಂಗಿದ್ರೂ ನಮ್ಮ ಕಂಪ್ಯೂಟರಿಗೇ ಬರ್ತದ. ಅಲ್ಲಿಗೆ ಬೇಕಾದ್ರ ಡಿಲೀಟ್ ಬದಲಿ ಎಂಡ್.

ನನ್ನ ಮಗಾ ಒಪ್ಪೂದಿಲ್ಲ. "ದಿನಾ ಎಂಟು ತಾಸು ಅಲ್ಲೇ ಕೆಲಸಾ, ಆಲ್ಟ್-ಟ್ಯಾಬ್ ಅಲ್ಲೇ ಇರಬೇಕು" ಅಂತಾನ. ಬಾಗಲಾ ಹಾಕ್ಕೊಂಡು ಕೂಡಾವರಿಗೆ ಅದು ಸರಿ. ನಮ್ಮ ಬಾಗಲಾ ಯಾವಾಗ ಹಾಕಿರ್ತದ ಹೇಳ್ರಿ? ಆಫೀಸಿನ ಹುಡುಗಾ ಒಬ್ಬಾಂವ "ಮೇಡಂ, ಮೌಸ್ ಸಾಕಲ್ಲ" ಅಂದ. ನಮ್ಮ ನೆಟ್ಟಿಗೆ ಆ ಬಾಣ ನಾ ಎಳದ್ಮ್ಯಾಲೆ ತಡಾ ಮಾಡಿ ಬರ್ತದ, ಕೀ ಒತ್ತಿದ್ರ ಗುರಿ ಹಿಡಿಯೋ ಚಿಂತಿ ಇಲ್ಲ.

ಒಂದ ತಕರಾರು. ನನ್ನ ಲ್ಯಾಪ್‌ಟಾಪ್‌ನಾಗ ಎಂಡ್ ಒತ್ಲಿಕ್ಕೆ ಎಫ್‌ಎನ್ನೂ ಹಿಡೀಬೇಕು, ಒಟ್ಟು ನಾಕ್ ಬೆರಳು. ಕೈಗೆ ಚಪಾತಿ ಹಿಟ್ಟು ಮೆತ್ತಿದ್ರ ಆಗೂದಿಲ್ಲ.