ಮೂರನೆಯವರಿಗೆ ಹಾಕಿದ ಓಟು ನೀರಿಗೆ ಹಾಕಿದಂತೆಯೇ? ತಳಿ ಕ್ಷೇತ್ರದ ಲೆಕ್ಕ ಹೇಳುವುದೇನು



2026ರ ತಮಿಳುನಾಡು ವಿಧಾನಸಭಾ ಚುನಾವಣೆ ಹತ್ತಿರ ಬರುತ್ತಿದೆ. ನಾಟ್ರಾಂಪಾಳ್ಯ, ಅಂಚೆಟ್ಟಿ, ಡೆಂಕಣಿಕೋಟೆ, ತಳಿ, ಹೊಸೂರು ಎಲ್ಲೆಡೆ ಚಹಾದಂಗಡಿಯ ಮಾತು ಆಗಲೇ ರಂಗೇರಿದೆ. ನಟ ವಿಜಯ್ 2024ರ ಫೆಬ್ರವರಿಯಲ್ಲಿ ತಮಿಳಗ ವೆಟ್ರಿ ಕಳಗಂ ಎಂಬ ಹೊಸ ಪಕ್ಷ ಕಟ್ಟಿದ ಮೇಲೆ ಹಳೆಯ ಪ್ರಶ್ನೆಯೊಂದು ಮತ್ತೆ ಎದ್ದಿದೆ. ಉದಯಸೂರ್ಯ ಮತ್ತು ಎರಡೆಲೆ ಬಿಟ್ಟು ಬೇರೆಯವರಿಗೆ ಓಟು ಹಾಕಿದರೆ ಏನಾದರೂ ಬದಲಾಗುತ್ತದೆಯೇ, ಅಥವಾ ಅದು ದಂಡವೇ?

ನಮ್ಮ ಸಂಘ ಯಾವ ಪಕ್ಷಕ್ಕೂ ಸೇರಿದ್ದಲ್ಲ. ಇಂಥವರಿಗೆ ಹಾಕಿ ಎಂದು ಹೇಳುವುದು ನಮ್ಮ ಕೆಲಸವೂ ಅಲ್ಲ. ಆದರೆ ಗಡಿಭಾಗದ ಕನ್ನಡಿಗರಾದ ನಮಗೆ ಈ ಪ್ರಶ್ನೆ ಬರೀ ಹರಟೆಯದಲ್ಲ. ನಮ್ಮ ಮಕ್ಕಳು ಶಾಲೆಯಲ್ಲಿ ಯಾವ ಭಾಷೆ ಓದಬೇಕು ಎಂಬುದೇ ಇದರೊಂದಿಗೆ ತಳಕು ಹಾಕಿಕೊಂಡಿದೆ. ಹಾಗಾಗಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ರಾಜ್ಯದ ಲೆಕ್ಕ

1967ರಲ್ಲಿ ಅಣ್ಣಾದುರೈ ನೇತೃತ್ವದ ಡಿಎಂಕೆ ಕಾಂಗ್ರೆಸ್ಸನ್ನು ಸೋಲಿಸಿತು. 1972ರಲ್ಲಿ ಎಂ.ಜಿ.ಆರ್. ಹೊರಬಂದು ಅಣ್ಣಾ ಡಿಎಂಕೆ ಕಟ್ಟಿದರು. ಅಂದಿನಿಂದ ಚೆನ್ನೈನ ಕೋಟೆಯಲ್ಲಿ ಚುನಾಯಿತ ಸರ್ಕಾರ ಎಂದರೆ ಒಂದೋ ಇವರು, ಇಲ್ಲವೇ ಅವರು. ನಡುವೆ ಮೂರನೆಯ ದಾರಿ ಹುಡುಕಿದವರು ಕಡಿಮೆಯೇನಲ್ಲ. 2006ರಲ್ಲಿ ವಿಜಯಕಾಂತ್ ಅವರ ಡಿಎಂಡಿಕೆ ಒಂಟಿಯಾಗಿ ನಿಂತು ಸುಮಾರು 8.4 ಶೇಕಡಾ ಮತ ಪಡೆಯಿತು. ಗೆದ್ದದ್ದು ಮಾತ್ರ ಒಂದೇ ಸ್ಥಾನ, ವಿರುದಾಚಲಂನಲ್ಲಿ ವಿಜಯಕಾಂತ್ ಅವರೇ. 2011ರಲ್ಲಿ ಅದೇ ಪಕ್ಷ ಅಣ್ಣಾ ಡಿಎಂಕೆ ಕೂಟ ಸೇರಿತು. ಆಗ 29 ಸ್ಥಾನ ಬಂತು, ವಿಜಯಕಾಂತ್ ವಿರೋಧ ಪಕ್ಷದ ನಾಯಕರಾದರು. 2016ರಲ್ಲಿ ಮತ್ತೆ ಎರಡೂ ಕೂಟದಿಂದ ಹೊರಗೆ ನಿಂತು ಎಡಪಕ್ಷ, ಎಂಡಿಎಂಕೆ, ವಿಸಿಕೆಗಳ ಮಕ್ಕಳ್ ನಲ ಕೂಟ್ಟಣಿ ಜೊತೆ ಸ್ಪರ್ಧಿಸಿದಾಗ, ಆ ಇಡೀ ರಂಗಕ್ಕೆ ಒಂದು ಸ್ಥಾನವೂ ಸಿಗಲಿಲ್ಲ.

2021ರಲ್ಲಿ ಸೀಮಾನ್ ಅವರ ನಾಮ್ ತಮಿಳರ್ ಕಚ್ಚಿ 6.6 ಶೇಕಡಾ ಮತ ಪಡೆದು ಬರಿಗೈಯಲ್ಲಿ ಮರಳಿತು. ಕಮಲ್ ಹಾಸನ್ ಕೊಯಮತ್ತೂರು ದಕ್ಷಿಣದಲ್ಲಿ 1,728 ಮತಗಳಿಂದ ಸೋತರು. 2024ರ ಲೋಕಸಭಾ ಚುನಾವಣೆಯಲ್ಲಿ ತಮಿಳುನಾಡಿನ 39 ಸ್ಥಾನಗಳೂ ಡಿಎಂಕೆ ಕೂಟದ ಪಾಲಾದವು. 11 ಶೇಕಡಾ ದಾಟಿದ ಬಿಜೆಪಿಗಾಗಲಿ, 8 ಶೇಕಡಾ ದಾಟಿದ ನಾಮ್ ತಮಿಳರ್‌ಗಾಗಲಿ ಏನೂ ದಕ್ಕಲಿಲ್ಲ.

ಇದಕ್ಕೆ ಕಾರಣ ನಮ್ಮ ಚುನಾವಣೆಯ ಕ್ರಮದಲ್ಲೇ ಇದೆ. ಕ್ಷೇತ್ರದಲ್ಲಿ ಎಲ್ಲರಿಗಿಂತ ಒಂದು ಓಟು ಹೆಚ್ಚು ಬಂದವರು ಗೆದ್ದರು, ಉಳಿದವರ ಮತಕ್ಕೆ ಲೆಕ್ಕವಿಲ್ಲ. ಮತ ರಾಜ್ಯದ ತುಂಬ ತೆಳ್ಳಗೆ ಹರಡಿದ್ದರೆ ಎಲ್ಲೂ ಗೆಲ್ಲಲಾಗದು. ಇದನ್ನು ಕಂಡ ಮತದಾರ ಮುಂದಿನ ಸಲ ಗೆಲ್ಲುವ ಕುದುರೆಯತ್ತ ಸರಿಯುತ್ತಾನೆ. ಫ್ರಾನ್ಸಿನ ಮೋರಿಸ್ ದುವರ್ಜೆ ಎಂಬ ವಿದ್ವಾಂಸರು 1950ರ ದಶಕದಲ್ಲೇ ಇದನ್ನು ನಿಯಮದಂತೆ ಬರೆದಿಟ್ಟರು. ಈ ಬಗೆಯ ಚುನಾವಣೆ ಎರಡು ಪಕ್ಷಗಳ ಕಡೆಗೆ ಎಳೆಯುತ್ತದೆ ಎಂದು.

ನಮ್ಮ ಕ್ಷೇತ್ರದ ಲೆಕ್ಕ

ಈಗ ತಳಿ ವಿಧಾನಸಭಾ ಕ್ಷೇತ್ರಕ್ಕೆ ಬನ್ನಿ. ನಾಟ್ರಾಂಪಾಳ್ಯದ ನಾವೆಲ್ಲ ಓಟು ಹಾಕುವುದು ಇಲ್ಲೇ. 2001ರಲ್ಲಿ ಗೆದ್ದದ್ದು ಬಿಜೆಪಿಯ ಕೆ.ವಿ. ಮುರಳೀಧರನ್. 2006ರಲ್ಲಿ ಸ್ವತಂತ್ರ ಅಭ್ಯರ್ಥಿ ಟಿ. ರಾಮಚಂದ್ರನ್. 2011ರಲ್ಲಿ ಅದೇ ರಾಮಚಂದ್ರನ್, ಈ ಸಲ ಸಿಪಿಐನಿಂದ. 2016ರಲ್ಲಿ ಡಿಎಂಕೆಯ ವೈ. ಪ್ರಕಾಶ್. 2021ರಲ್ಲಿ ಮತ್ತೆ ಸಿಪಿಐನ ರಾಮಚಂದ್ರನ್. ಐದು ಚುನಾವಣೆಗಳಲ್ಲಿ ಉದಯಸೂರ್ಯ ಗೆದ್ದದ್ದು ಒಂದೇ ಸಲ, ಎರಡೆಲೆ ಒಮ್ಮೆಯೂ ಇಲ್ಲ.

ಹಾಗಾದರೆ ನಾವು ಎರಡು ಪಕ್ಷಗಳ ಹಿಡಿತದಿಂದ ಹೊರಗಿದ್ದೇವೆಯೇ? ಹಾಗೆ ಬೀಗುವ ಮುಂಚೆ ಚಿಹ್ನೆಯ ಹಿಂದೆ ಯಾರಿದ್ದರು ಎಂದು ನೋಡಬೇಕು. 2001ರಲ್ಲಿ ಬಿಜೆಪಿ ಇದ್ದದ್ದು ಡಿಎಂಕೆ ಕೂಟದಲ್ಲಿ. 2011ರಲ್ಲಿ ಸಿಪಿಐ ಇದ್ದದ್ದು ಅಣ್ಣಾ ಡಿಎಂಕೆ ಕೂಟದಲ್ಲಿ. 2021ರಲ್ಲಿ ಅದೇ ಸಿಪಿಐ ಡಿಎಂಕೆ ಕೂಟದಲ್ಲಿತ್ತು, ಗೆಲುವಿನ ಅಂತರ 50 ಸಾವಿರಕ್ಕೂ ಹೆಚ್ಚು. ಎರಡೂ ಕೂಟಗಳನ್ನು ಬಿಟ್ಟು ಗೆದ್ದದ್ದು 2006ರಲ್ಲಿ ಮಾತ್ರ.

ಇವೆಲ್ಲಕ್ಕಿಂತ ಪಾಠ ಹೇಳುವುದು 2016. ಆ ವರ್ಷ ರಾಮಚಂದ್ರನ್ ಯಾವ ದೊಡ್ಡ ಕೂಟದ ಆಸರೆಯೂ ಇಲ್ಲದೆ ನಿಂತರು. ಅವರ ರಂಗ ರಾಜ್ಯದಾದ್ಯಂತ ನೆಲಕಚ್ಚಿತು. ಆದರೆ ತಳಿಯಲ್ಲಿ ಅವರು ಅಣ್ಣಾ ಡಿಎಂಕೆಯನ್ನು ಮೂರನೆಯ ಸ್ಥಾನಕ್ಕೆ ತಳ್ಳಿ ಎರಡನೆಯವರಾದರು. ಸೋತದ್ದು ಆರು ಸಾವಿರದ ಆಸುಪಾಸಿನ ಮತಗಳಿಂದ. ಐದು ವರ್ಷ ಕಳೆದು ಡಿಎಂಕೆ ಕೂಟ ಸೀಟು ಹಂಚಿದಾಗ ಈ ಕ್ಷೇತ್ರ ಸಿಪಿಐಗೆ ಬಂತು, ಗೆದ್ದಿದ್ದ ಪ್ರಕಾಶ್ ಹೊಸೂರಿನಲ್ಲಿ ನಿಂತು ಅಲ್ಲಿ ಗೆದ್ದರು. ಸೀಟು ಹಂಚಿಕೆಯ ಒಳಮಾತು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಆದರೂ ಒಂದೇ ಕಡೆ ಗಟ್ಟಿಯಾಗಿ ಕೂಡಿದ ಮತವನ್ನು ದೊಡ್ಡ ಪಕ್ಷ ಕಡೆಗಣಿಸಲಾರದು ಎಂಬುದಷ್ಟು ಇದರಿಂದ ತಿಳಿಯುತ್ತದೆ.

ಮೂರನೆಯವರ ಓಟು ವ್ಯವಸ್ಥೆಯನ್ನು ಉರುಳಿಸುವುದಿಲ್ಲ. ಒಂದೆಡೆ ಗಟ್ಟಿಯಾಗಿ ನಿಂತರೆ ಅದಕ್ಕೆ ಬೆಲೆ ಬರುತ್ತದೆ, ಚದುರಿ ಹೋದರೆ ಇಲ್ಲ.

ಗಡಿಯ ಆಚೆಗೂ ಇದೇ ಕಥೆ

ಕರ್ನಾಟಕದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 2018ರಲ್ಲಿ ಬಿಜೆಪಿಗೆ 104, ಕಾಂಗ್ರೆಸ್ಸಿಗೆ 80, ಜೆಡಿಎಸ್‌ಗೆ 37 ಸ್ಥಾನ ಬಂದವು. ಮುಖ್ಯಮಂತ್ರಿಯಾದದ್ದು ಮೂರನೆಯ ಪಕ್ಷದ ಎಚ್.ಡಿ. ಕುಮಾರಸ್ವಾಮಿ. ಜೆಡಿಎಸ್ ಮತ ಹಳೆ ಮೈಸೂರು ಭಾಗದಲ್ಲಿ ಒತ್ತಾಗಿ ಇದ್ದದ್ದೇ ಅದರ ಬಲ. 2013ರಲ್ಲಿ ಯಡಿಯೂರಪ್ಪನವರ ಕೆಜೆಪಿ ಸುಮಾರು 10 ಶೇಕಡಾ ಮತ ಪಡೆದು ಗೆದ್ದದ್ದು ಆರೇ ಸ್ಥಾನ. ಆದರೆ ಬಿಜೆಪಿ 40ಕ್ಕೆ ಕುಸಿಯಿತು, ಕಾಂಗ್ರೆಸ್ 122 ಸ್ಥಾನದೊಂದಿಗೆ ಅಧಿಕಾರ ಹಿಡಿಯಿತು. ಮರುವರ್ಷವೇ ಬಿಜೆಪಿ ಅವರನ್ನು ಮರಳಿ ಕರೆದುಕೊಂಡಿತು. ಗೆಲ್ಲದ ಪಕ್ಷವೂ ತನ್ನನ್ನು ಬಿಟ್ಟರೆ ಎಷ್ಟು ನಷ್ಟ ಎಂದು ತೋರಿಸಿಕೊಟ್ಟಿತ್ತು.

ಭಾಷೆಯನ್ನೇ ನಂಬಿದ ಪಕ್ಷದ ಉದಾಹರಣೆ ಬೆಳಗಾವಿಯಲ್ಲಿದೆ. ಮಹಾರಾಷ್ಟ್ರ ಏಕೀಕರಣ ಸಮಿತಿಯ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಆದರೆ ಅದರ ಗತಿಯಿಂದ ಕಲಿಯುವುದಿದೆ. ದಶಕಗಳ ಕಾಲ ಶಾಸಕರನ್ನು ಗೆಲ್ಲಿಸಿಕೊಂಡ ಸಮಿತಿಗೆ 2013ರಲ್ಲಿ ಎರಡು ಸ್ಥಾನ ಬಂದವು, 2018 ಮತ್ತು 2023ರಲ್ಲಿ ಸೊನ್ನೆ. ಮರಾಠಿ ಮಾತನಾಡುವ ಮತದಾರರು ಅಲ್ಲಿ ಈಗಲೂ ಇದ್ದಾರೆ, ರಾಷ್ಟ್ರೀಯ ಪಕ್ಷಗಳು ಅವರೊಳಗಿನವರಿಗೇ ಟಿಕೆಟ್ ಕೊಡಲು ಕಲಿತವು.

ಮಂಜೇಶ್ವರದ ಅನುಭವ ನಮಗೆ ಹೆಚ್ಚು ಹತ್ತಿರ. ಕಾಸರಗೋಡು ಕೇರಳಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಕನ್ನಡ ಹೋರಾಟದ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದ ವಿಧಾನಸಭೆಗೆ ಆರಿಸಿ ಬರುತ್ತಿದ್ದರು. 1970ರ ನಂತರ ಆ ಸ್ಥಾನ ದೊಡ್ಡ ಪಕ್ಷಗಳ ಪಾಲಾಯಿತು. ಹಾಗೆಂದು ಕನ್ನಡದ ದನಿ ಅಡಗಲಿಲ್ಲ. ಅಲ್ಲಿ ಮುಸ್ಲಿಂ ಲೀಗ್, ಬಿಜೆಪಿ, ಸಿಪಿಎಂ ಮೂವರ ನಡುವೆ ಜಿದ್ದಾಜಿದ್ದಿ ಇದೆ. 2016ರಲ್ಲಿ ಗೆಲುವಿನ ಅಂತರ ಬರೀ 89 ಮತ, 2021ರಲ್ಲಿ 745. ಇಷ್ಟು ಸಣ್ಣ ಅಂತರ ಇರುವಲ್ಲಿ ಕನ್ನಡ ಬಾರದ ಪ್ರಚಾರ ನಡೆಯುವುದಿಲ್ಲ. 2021ರಲ್ಲಿ ಗೆದ್ದ ಲೀಗ್‌ನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು. ಕನ್ನಡದ ಪಕ್ಷವೇ ಗೆಲ್ಲಬೇಕಾಗಲಿಲ್ಲ. ಕನ್ನಡದ ಮತ ಯಾರ ಜೇಬಿನಲ್ಲೂ ಖಾಯಂ ಇಲ್ಲ ಎಂಬ ಅಳುಕು ಎಲ್ಲರಿಗೂ ಇದ್ದರೆ ಸಾಕಾಯಿತು.

ಹೊರದೇಶದ ಮಾತೂ ಒಂದಿಷ್ಟು. ಬ್ರಿಟನ್ನಿನಲ್ಲಿ 2015ರಲ್ಲಿ ಯುಕೆಐಪಿ ಎಂಬ ಪಕ್ಷ ಶೇಕಡಾ 12ಕ್ಕೂ ಹೆಚ್ಚು ಮತ ಪಡೆದು ಒಂದೇ ಸ್ಥಾನ ಗೆದ್ದಿತು. ಆದರೆ ಅದರ ಭಯದಿಂದ ಆಳುವ ಪಕ್ಷವೇ ಜನಮತಗಣನೆಯ ಭರವಸೆ ಕೊಟ್ಟಿತ್ತು, 2016ರಲ್ಲಿ ಬ್ರಿಟನ್ ಯುರೋಪ್ ಒಕ್ಕೂಟ ಬಿಡಲು ತೀರ್ಮಾನಿಸಿತು. ನ್ಯೂಜಿಲೆಂಡಿನಲ್ಲಿ ಮೂರನೆಯ ಪಕ್ಷಗಳಿಗೆ ಮತ ಬಿದ್ದರೂ ಸ್ಥಾನ ಬರದೆ ಜನರಿಗೆ ಬೇಸರ ಬಂತು. 1993ರಲ್ಲಿ ಜನಮತಗಣನೆಯ ಮೂಲಕ ಚುನಾವಣೆಯ ಕ್ರಮವನ್ನೇ ಬದಲಿಸಿದರು. ಎರಡು ಪಕ್ಷಗಳ ವ್ಯವಸ್ಥೆ ನಿಜವಾಗಿ ಬದಲಾದದ್ದು ಹೀಗೆ ನಿಯಮ ಬದಲಾದಾಗ.

ನಮಗೆ ಇದರಲ್ಲಿ ಏನಿದೆ

2006ರಲ್ಲಿ ತಮಿಳುನಾಡು ತಮಿಳು ಕಲಿಕಾ ಕಾಯ್ದೆ ಬಂತು. ಒಂದನೇ ತರಗತಿಯಿಂದ ಶುರುವಾಗಿ ವರ್ಷಕ್ಕೊಂದು ತರಗತಿಯಂತೆ ಏರಿ, 2015-16ರಲ್ಲಿ ಹತ್ತನೇ ತರಗತಿಗೆ ತಲುಪಿತು. ಕನ್ನಡ, ತೆಲುಗು, ಉರ್ದು, ಮಲಯಾಳ ಓದುವ ಮಕ್ಕಳು ಮೊದಲ ಭಾಷೆಯಾಗಿ ತಮಿಳಿನಲ್ಲೇ ಪರೀಕ್ಷೆ ಬರೆಯಬೇಕಾಯಿತು. ಅಂದಿನಿಂದ ಪೋಷಕರು, ಸಂಘಗಳು ಕೋರ್ಟಿನ ಮೆಟ್ಟಿಲು ಹತ್ತಿ ವಿನಾಯಿತಿ ಕೇಳುತ್ತಾ ಬಂದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅಲ್ಪಸಂಖ್ಯಾತ ಭಾಷೆಗಳ ಹತ್ತನೇ ತರಗತಿ ಮಕ್ಕಳಿಗೆ ವಿನಾಯಿತಿ ಕೊಟ್ಟಿತು, ಅದೂ ಒಂದು ವರ್ಷದ ಮಟ್ಟಿಗೆ.

ತಮಿಳು ಕಲಿಯಬಾರದು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಈ ನೆಲದಲ್ಲಿ ಬಾಳುವವರಿಗೆ ತಮಿಳು ಬೇಕೇ ಬೇಕು. ತಾಯ್ನುಡಿಗೆ ಜಾಗ ಬಿಟ್ಟು ತಮಿಳು ಕಲಿಸಿ ಎಂಬುದಷ್ಟೇ ನಮ್ಮ ಮಾತು.

ಕಾಯ್ದೆ ತಂದದ್ದು ಡಿಎಂಕೆ ಸರ್ಕಾರ. 2011ರಿಂದ 2021ರವರೆಗೆ ಆಳಿದ ಅಣ್ಣಾ ಡಿಎಂಕೆ ಅದನ್ನು ಹಿಂದಕ್ಕೆ ಪಡೆಯಲಿಲ್ಲ. 2014ರಲ್ಲಿ ಇತರ ಪಠ್ಯಕ್ರಮದ ಶಾಲೆಗಳಿಗೂ ವಿಸ್ತರಿಸಿತು. ಸರ್ಕಾರ ಬದಲಾದರೂ ಕನ್ನಡ ಶಾಲೆಯ ಪಾಡು ಬದಲಾಗಲಿಲ್ಲ. ಎರಡು ಪಕ್ಷಗಳಿಗೂ ಒಂದೇ ನಿಲುವು ಇರುವ ವಿಷಯದಲ್ಲಿ ಅವರನ್ನು ಇಳಿಸಿ ಇವರನ್ನು ಏರಿಸಿದರೆ ಪ್ರಯೋಜನವಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. 2006ರಲ್ಲಿ ಡಿಎಂಕೆಗೆ 234ರಲ್ಲಿ ಬಂದದ್ದು 96 ಸ್ಥಾನ ಮಾತ್ರ. 34 ಸ್ಥಾನದ ಕಾಂಗ್ರೆಸ್ ಮತ್ತಿತರರ ಬೆಂಬಲ ಇಲ್ಲದೆ ಸರ್ಕಾರ ನಿಲ್ಲುವಂತಿರಲಿಲ್ಲ. ಬೇರೆಯವರ ಊರುಗೋಲಿನ ಮೇಲೆ ನಿಂತ ಆ ಸರ್ಕಾರದ ಕಾಲದಲ್ಲೇ ಈ ಕಾಯ್ದೆ ಬಂತು. ಆಸರೆ ಕೊಟ್ಟವರ ಷರತ್ತುಗಳಲ್ಲಿ ನಮ್ಮ ಶಾಲೆ ಇರಲಿಲ್ಲ. ಕೀಲಿಕೈ ಮೂರನೆಯವರ ಕೈಯಲ್ಲಿ ಇದ್ದರೂ, ಯಾವ ಬಾಗಿಲು ತೆಗೆಯಬೇಕು ಎಂದು ಮುಂಚೆಯೇ ಕೇಳಿಕೊಂಡಿರದಿದ್ದರೆ ಫಲವಿಲ್ಲ.

ಮೂರನೆಯವರು ಎಂದ ಮಾತ್ರಕ್ಕೆ ನಮ್ಮವರು ಎಂದೂ ಅಲ್ಲ. 2024ರಲ್ಲಿ ಕೃಷ್ಣಗಿರಿ ಲೋಕಸಭಾ ಕ್ಷೇತ್ರದಲ್ಲಿ ನಾಮ್ ತಮಿಳರ್ ಅಭ್ಯರ್ಥಿಗೆ 1 ಲಕ್ಷಕ್ಕೂ ಹೆಚ್ಚು ಮತ ಬಂದವು. ತಮಿಳುನಾಡನ್ನು ತಮಿಳರೇ ಆಳಬೇಕು ಎನ್ನುವುದು ಆ ಪಕ್ಷದ ಮೂಲ ನಿಲುವು. ದೊಡ್ಡ ಪಕ್ಷಗಳ ಮೇಲಿನ ಸಿಟ್ಟಿನಿಂದ ಹಾಕುವ ಓಟು, ಭಾಷಾ ವಿಷಯದಲ್ಲಿ ಅವರನ್ನು ಇನ್ನಷ್ಟು ಬಿಗಿಯಾಗಿಸುವ ಸಂದೇಶವೂ ಆಗಬಹುದು. ಹೊಸ ಪಕ್ಷಗಳ ವಿಷಯದಲ್ಲೂ ಅಷ್ಟೇ. ನಾಯಕನ ಮುಖ ನೋಡುವ ಮುಂಚೆ ಭಾಷಾ ಅಲ್ಪಸಂಖ್ಯಾತರ ಬಗ್ಗೆ ಏನು ಬರೆದುಕೊಟ್ಟಿದ್ದಾರೆ ಎಂದು ಕೇಳಬೇಕು. ನೋಟಾ ಒತ್ತಿದರೆ ಸಿಟ್ಟು ದಾಖಲಾಗುತ್ತದೆ, ಫಲಿತಾಂಶ ಬದಲಾಗುವುದಿಲ್ಲ.

ಮಾಡಬಹುದಾದ ಕೆಲಸ

ಮೊದಲನೆಯದಾಗಿ, ಈ ಕ್ಷೇತ್ರದಲ್ಲಿ ನಾವು ಒಬ್ಬರೇ ಇಲ್ಲ. ತೆಲುಗು, ಉರ್ದು ಮನೆಮಾತಿನವರ ಶಾಲೆಗಳಿಗೂ ಇದೇ ತೊಂದರೆ ಇದೆ. ಕೋರ್ಟಿನಲ್ಲಿ ಒಟ್ಟಿಗೆ ನಿಂತ ಭಾಷೆಗಳು ಚುನಾವಣೆಯಲ್ಲೂ ಒಟ್ಟಿಗೆ ಕೇಳಿದರೆ ಆರು ಸಾವಿರದ ಅಂತರ ದೊಡ್ಡದಲ್ಲ.

ಎರಡನೆಯದಾಗಿ, ಕೇಳುವುದು ನಾಮಪತ್ರ ಸಲ್ಲಿಕೆಗೆ ಮುಂಚೆ ಆಗಬೇಕು. ಹತ್ತನೇ ತರಗತಿಯ ವಿನಾಯಿತಿಗೆ ಖಾಯಂ ಕಾನೂನು ತಿದ್ದುಪಡಿಗೆ ಒತ್ತಾಯಿಸುತ್ತೀರಾ, ಕನ್ನಡ ಶಿಕ್ಷಕರ ಖಾಲಿ ಹುದ್ದೆಗಳ ಬಗ್ಗೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತುತ್ತೀರಾ, ಪಠ್ಯಪುಸ್ತಕ ಶಾಲೆ ತೆರೆಯುವಾಗಲೇ ಸಿಗುವಂತೆ ನೋಡಿಕೊಳ್ಳುತ್ತೀರಾ. ಎಲ್ಲ ಅಭ್ಯರ್ಥಿಗಳಿಗೂ ಇದೇ ಮೂರು ಪ್ರಶ್ನೆ, ಉತ್ತರ ಲಿಖಿತವಾಗಿ. ಉತ್ತರ ಕೊಡದವರ ಹೆಸರನ್ನೂ ಸದಸ್ಯರಿಗೆ ತಿಳಿಸೋಣ.

ಮೂರನೆಯದು ಪಂಚಾಯಿತಿ. ತಮಿಳುನಾಡಿನಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷರ ಮತ್ತು ವಾರ್ಡ್ ಸದಸ್ಯರ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಎರಡು ಪಕ್ಷಗಳ ಗೋಡೆ ಅತಿ ತೆಳ್ಳಗಿರುವುದು ಅಲ್ಲೇ. ನಮ್ಮ ಜಿಲ್ಲೆಯಲ್ಲಿ 2019ರ ಡಿಸೆಂಬರಿನಲ್ಲಿ ಆಯ್ಕೆಯಾದವರ ಅವಧಿ 2025ರ ಜನವರಿಯಲ್ಲೇ ಮುಗಿದು, ಆಡಳಿತ ವಿಶೇಷಾಧಿಕಾರಿಗಳ ಕೈಗೆ ಹೋಯಿತು. ಚುನಾವಣೆ ಬೇಗ ನಡೆಸಿ ಎಂದು ಒತ್ತಾಯಿಸುವುದೂ ನಮ್ಮ ಬೇಡಿಕೆಯ ಭಾಗವಾಗಬೇಕು. ವಿಧಾನಸಭೆಗೆ ದನಿ ಕಳಿಸುವವರು ಪಂಚಾಯಿತಿಯಲ್ಲೇ ಬೆಳೆಯಬೇಕು.

ಮೂರನೆಯವರಿಗೆ ಓಟು ಹಾಕಿದರೆ ವ್ಯವಸ್ಥೆ ಬದಲಾಗುತ್ತದೆಯೇ ಎಂದರೆ, ಒಂದು ಚುನಾವಣೆಯಲ್ಲಿ ಇಲ್ಲ. ಆದರೆ ನಮ್ಮ ಓಟು ಯಾರಿಗೂ ಖಚಿತವಲ್ಲ ಎಂದು ದೊಡ್ಡವರಿಗೆ ಗೊತ್ತಾದರೆ, ಅವರು ನಮ್ಮ ಬಾಗಿಲಿಗೆ ಬಂದಾಗ ಕೇಳಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ನಮ್ಮ ಮಾತು ತಯಾರಿರಬೇಕು. ಪ್ರಶ್ನೆಗಳ ಕರಡನ್ನು ಮುಂದಿನ ಮಾಸಿಕ ಸಭೆಯಲ್ಲಿ ಚರ್ಚೆಗೆ ಇಡುತ್ತೇವೆ. ಯಾವ ಪಕ್ಷದವರಾದರೂ ಬನ್ನಿ, ತಿದ್ದುಪಡಿ ಇದ್ದರೆ ಬರೆದು ತನ್ನಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆಯವರೆಲ್ಲರ ಹೆಸರು ಇದೆಯೇ ಎಂದು ಇಂದೇ ನೋಡಿಕೊಳ್ಳಿ.