ತಂಬೂರಿನ ಮನೆಗೆ ಯಾವ ವಿನಾಯಿತಿ?

ಪ್ರತಿ ವರ್ಷ ಕೇಂದ್ರ ಬಜೆಟ್ ಸಮೀಪಿಸುತ್ತಿದ್ದಂತೆ ಗೃಹಸಾಲದ ಬಡ್ಡಿಗೆ ನೀಡುವ ಆದಾಯ ತೆರಿಗೆ ವಿನಾಯಿತಿಯನ್ನು ಹೆಚ್ಚಿಸಬೇಕೆಂಬ ಬೇಡಿಕೆ ಕೇಳಿಬರುತ್ತದೆ. ಬಿಲ್ಡರ್‌ಗಳ ಸಂಘಟನೆಗಳೂ ನೌಕರ ವರ್ಗವೂ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡುತ್ತವೆ. ಸ್ವಂತ ಸೂರು ಹೊಂದಲು ಸರ್ಕಾರ ನೆರವಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ನೆರವು ಯಾರ ಬಾಗಿಲಿಗೆ ತಲುಪುತ್ತಿದೆ? ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ತಂಬೂರಿನಂತಹ ಹಳ್ಳಿಯಲ್ಲಿ ನಿಂತು ಈ ಪ್ರಶ್ನೆ ಕೇಳಿಕೊಂಡರೆ ಚರ್ಚೆಯ ಸ್ವರೂಪವೇ ಬದಲಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರು ತಾವು ವಾಸಿಸುವ ಮನೆಯ ಸಾಲದ ಮೇಲೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. 2014ರಲ್ಲಿ ಈ ಮಿತಿಯನ್ನು 1.5 ಲಕ್ಷದಿಂದ 2 ಲಕ್ಷಕ್ಕೆ ಏರಿಸಲಾಯಿತು. ಶೇ 30ರ ಹಂತದಲ್ಲಿರುವ ತೆರಿಗೆದಾರರಿಗೆ, ಶೇ 4ರ ಸೆಸ್ ಸೇರಿ, ಇದರಿಂದ ಉಳಿಯುವುದು ವರ್ಷಕ್ಕೆ 62,400 ರೂಪಾಯಿ. ಪತಿ–ಪತ್ನಿ ಇಬ್ಬರೂ ಇದೇ ಹಂತದ ಸಂಬಳದಾರರಾಗಿದ್ದು, ಮನೆಯೂ ಸಾಲವೂ ಜಂಟಿಯಾಗಿದ್ದು, ಇಬ್ಬರೂ ಪೂರ್ಣ ಮಿತಿಯನ್ನು ಬಳಸಿಕೊಂಡರೆ ಈ ಮೊತ್ತ 1,24,800 ರೂಪಾಯಿ. ಅಸಲಿನ ಮರುಪಾವತಿಗೆ ದೊರೆಯುವ ವಿನಾಯಿತಿ ಬೇರೆ.

ಇನ್ನೊಂದೆಡೆ, ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಡಿ ಬಯಲು ಪ್ರದೇಶದ ಬಡ ಕುಟುಂಬಕ್ಕೆ 2016ರಲ್ಲಿ ನಿಗದಿಯಾದ ಸಹಾಯಧನ 1.20 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು 2028–29ರವರೆಗೆ ವಿಸ್ತರಿಸಿದಾಗಲೂ ಈ ಮೊತ್ತವನ್ನು ಏರಿಸಲಿಲ್ಲ. ಅಂದರೆ, ನಗರದ ಸ್ಥಿತಿವಂತ ಕುಟುಂಬವೊಂದಕ್ಕೆ ಒಂದೇ ವರ್ಷದಲ್ಲಿ ಬಿಟ್ಟುಕೊಡಬಹುದಾದ ತೆರಿಗೆಯು ಹಳ್ಳಿಯ ಬಡವನಿಗೆ ಜೀವಮಾನದಲ್ಲಿ ಒಮ್ಮೆ ನೀಡುವ ನೆರವಿಗಿಂತ ಹೆಚ್ಚು. ಒಂದು ಖಜಾನೆಯಿಂದ ಹೊರಹೋಗುವ ಹಣ, ಇನ್ನೊಂದು ಖಜಾನೆಗೆ ಬಾರದೇ ಉಳಿಯುವ ಹಣ. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಎರಡೂ ಸರ್ಕಾರದ ವೆಚ್ಚವೇ.

ಆಡಳಿತದಲ್ಲಿ ಮಾತ್ರ ಇವೆರಡನ್ನೂ ಕಾಣುವ ಕಣ್ಣು ಬೇರೆ ಬೇರೆ. ಸೇವೆಯಲ್ಲಿದ್ದಾಗ ವಸತಿ ಯೋಜನೆಗಳ ಕಡತಗಳನ್ನು ಸಾಕಷ್ಟು ನೋಡಿದ್ದೇನೆ. ಬಡವನ ಹೆಸರು ಪಟ್ಟಿಯಲ್ಲಿರಬೇಕು, ಗ್ರಾಮಸಭೆ ಒಪ್ಪಬೇಕು, ಕಾಮಗಾರಿಯ ಒಂದೊಂದು ಹಂತದಲ್ಲೂ ಛಾಯಾಚಿತ್ರ ತೆಗೆಯಬೇಕು. ಆಮೇಲೆ ಕಂತು ಬಿಡುಗಡೆ. ಸಂಬಳದಾರರಿಗೆ ಬ್ಯಾಂಕಿನ ಒಂದು ಬಡ್ಡಿ ಪ್ರಮಾಣಪತ್ರ ಸಾಕು. ನೆರವು ದೊಡ್ಡದಾದಷ್ಟೂ ತಪಾಸಣೆ ಸಡಿಲವಾಗುವ ಈ ವೈಚಿತ್ರ್ಯವನ್ನು ಯಾವ ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಸಮರ್ಥಿಸೋಣ?

ತಂಬೂರಿನ ಸುತ್ತಮುತ್ತ ಭತ್ತ, ಗೋವಿನಜೋಳ, ಹತ್ತಿ ಬೆಳೆಯುವ ರೈತನಿಗೆ ಕೃಷಿ ಆದಾಯದ ಮೇಲೆ ಆದಾಯ ತೆರಿಗೆ ಇಲ್ಲ. ಕಟ್ಟದ ತೆರಿಗೆಯಲ್ಲಿ ವಿನಾಯಿತಿ ಎಲ್ಲಿಂದ ಬಂದೀತು ಎಂದು ಕೇಳುವವರಿದ್ದಾರೆ. ಆದರೆ ಮನೆ ಕಟ್ಟುವಾಗ ಆತ ತೆರಿಗೆ ಕಟ್ಟಿಯೇ ಕಟ್ಟುತ್ತಾನೆ. 2025ರ ಸೆಪ್ಟೆಂಬರ್ 22ರವರೆಗೆ ಸಿಮೆಂಟಿನ ಮೇಲೆ ಶೇ 28ರಷ್ಟು ಜಿಎಸ್‌ಟಿ ಇತ್ತು. ಅಂದಿನಿಂದ ಅದು ಶೇ 18ಕ್ಕೆ ಇಳಿಯಿತು. ಕಬ್ಬಿಣದ ಸರಳಿಗೂ ಶೇ 18. ಒಂದು ಸುಗ್ಗಿಗೆ ಅಡಿಪಾಯ, ಮತ್ತೊಂದು ಸುಗ್ಗಿಗೆ ಗೋಡೆ, ಮಗಳ ಮದುವೆ ಮುಗಿದ ಮೇಲೆ ಮೇಲ್ಛಾವಣಿ ಎಂದು ಕೈಯಲ್ಲಿ ಕಾಸಾಡಿದಂತೆ ಮನೆ ಎಬ್ಬಿಸುವವನಿಗೆ ಈ ತೆರಿಗೆಯ ಒಂದು ಪೈಸೆಯೂ ಮರಳಿ ಬರುವುದಿಲ್ಲ. ರಾಜ್ಯ ಸರ್ಕಾರವು 45 ಲಕ್ಷ ರೂಪಾಯಿವರೆಗಿನ ಮನೆಗಳಿಗೆ 2020ರಿಂದ ಹಂತಹಂತವಾಗಿ ನೀಡಿದ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಫ್ಲ್ಯಾಟುಗಳ ಮೊದಲ ನೋಂದಣಿಗೆ ಸೀಮಿತ. ತಂಬೂರಿನಲ್ಲಿ ಫ್ಲ್ಯಾಟು ಕೊಳ್ಳುವವರಾರು?

ಹೋಗಲಿ, ನಗರದ ಖರೀದಿದಾರನಿಗಾದರೂ ವಿನಾಯಿತಿಯ ಪೂರ್ಣ ಲಾಭ ಸಿಗುತ್ತದೆಯೇ? ನಿವೇಶನಗಳ ಪೂರೈಕೆ ಸೀಮಿತವಾಗಿರುವಲ್ಲಿ ಕೊಳ್ಳುವವನ ಕೈಗೆ ಹೆಚ್ಚು ಹಣ ಕೊಟ್ಟರೆ ಅದರ ದೊಡ್ಡ ಪಾಲು ಬೆಲೆಯೊಳಗೆ ಸೇರಿ ಭೂಮಾಲೀಕನನ್ನು ತಲುಪುತ್ತದೆ. ಹೈಕೋರ್ಟ್ ಪೀಠ, ಐಐಟಿ ಬಂದ ಬಳಿಕ ಹುಬ್ಬಳ್ಳಿ–ಧಾರವಾಡದಲ್ಲಿ ನಿವೇಶನ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಲಘಟಗಿ ಕಡೆಯಿಂದ ಅಲ್ಲಿಗೆ ದುಡಿಯಲು ಹೋಗುವ ಯುವಕನಿಗೆ ವಿನಾಯಿತಿ ಸಿಗದಿದ್ದರೂ ಅದು ಹಿಗ್ಗಿಸಿದ ಬೆಲೆಯ ಬಿಸಿ ತಟ್ಟದೇ ಇರದು.

ಅಮೆರಿಕದ ಅನುಭವವೂ ಗಮನಾರ್ಹ. ಅಲ್ಲಿ 2009ರಲ್ಲಿ ಮೊದಲ ಮನೆ ಕೊಳ್ಳುವವರಿಗೆ ಗರಿಷ್ಠ 8,000 ಡಾಲರ್ ಟ್ಯಾಕ್ಸ್ ಕ್ರೆಡಿಟ್ ನೀಡಲಾಯಿತು. ಖರೀದಿ ಒಪ್ಪಂದಕ್ಕೆ ಇದ್ದ ಗಡುವು 2010ರ ಏಪ್ರಿಲ್ 30ಕ್ಕೆ ಮುಗಿಯಿತು. ಆ ಜುಲೈನಲ್ಲಿ ಹಳೆಯ ಮನೆಗಳ ಮಾರಾಟ ಹಿಂದಿನ ತಿಂಗಳಿಗಿಂತ ಸುಮಾರು ಶೇ 27ರಷ್ಟು ಕುಸಿಯಿತು. ನಾಳೆ ಕೊಳ್ಳುವವರು ಇಂದೇ ಕೊಂಡಿದ್ದರು, ಅಷ್ಟೆ. ಆದರೂ ಆ ಯೋಜನೆಯಲ್ಲಿ ಒಂದು ನ್ಯಾಯವಿತ್ತು: ಕಟ್ಟಬೇಕಾದ ತೆರಿಗೆ ಕಡಿಮೆಯಿದ್ದವರಿಗೆ ಉಳಿದ ಮೊತ್ತವನ್ನು ನಗದಾಗಿ ಕೊಡಲಾಗುತ್ತಿತ್ತು. ನಮ್ಮ ವಿನಾಯಿತಿಗೆ ಆ ಗುಣವಿಲ್ಲ. ಬ್ರಿಟನ್ ಗೃಹಸಾಲದ ಬಡ್ಡಿಯ ತೆರಿಗೆ ರಿಯಾಯಿತಿಯನ್ನು 2000ದಲ್ಲೇ ಕೈಬಿಟ್ಟಿತು.

2023–24ರಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಆಯ್ಕೆಯಾಗಿದ್ದು, ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಇಲ್ಲ. ಹಾಗಾಗಿ ವಾದ ಮುಗಿಯಿತು ಎನ್ನಬಹುದು. ಮುಗಿದಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಬಡ್ಡಿಯನ್ನು ಬಾಡಿಗೆ ಆದಾಯದಿಂದ ಕಳೆಯಲು ಅಲ್ಲಿಯೂ ಅವಕಾಶವಿದೆ. ಹಳೆಯ ಪದ್ಧತಿಯೂ ಜೀವಂತವಾಗಿದೆ. ಮುಖ್ಯವಾಗಿ, ವಿನಾಯಿತಿ ಕರಗಿದಂತೆ ಉಳಿಯುವ ಹಣ ಹಳ್ಳಿಯ ವಸತಿಗೆ ಹರಿಯಬೇಕೆಂದು ಒತ್ತಾಯಿಸುವ ಸಂಘಟಿತ ದನಿ ಕೇಳುತ್ತಿಲ್ಲ.

ಮಾಡಬೇಕಾದುದೇನು? ಒಂದು, ಗ್ರಾಮೀಣ ಸಹಾಯಧನವನ್ನು ನಿರ್ಮಾಣ ವೆಚ್ಚಕ್ಕೆ ಅನುಗುಣವಾಗಿ ಪರಿಷ್ಕರಿಸಬೇಕು. 2019ರ ಮಹಾಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಕುಸಿದಾಗ, ಪೂರ್ಣ ನಾಶವಾದ ಮನೆಗೆ ರಾಜ್ಯ ಸರ್ಕಾರವೇ 5 ಲಕ್ಷ ರೂಪಾಯಿ ಘೋಷಿಸಿತ್ತು. ಮನೆಯ ನಿಜವಾದ ವೆಚ್ಚ ಸರ್ಕಾರಕ್ಕೆ ತಿಳಿದಿದೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. ಎರಡು, 2024ರ ನಗರ ಆವಾಸ್ ಯೋಜನೆಯಲ್ಲಿ 8 ಲಕ್ಷ ರೂಪಾಯಿವರೆಗಿನ ಸಾಲದ ಮೊತ್ತಕ್ಕೆ ಶೇ 4ರ ಬಡ್ಡಿ ಸಹಾಯಧನವಿದೆ. ಹಳ್ಳಿಗಳಿಗಾಗಿ 2017ರಲ್ಲಿ ಪ್ರಕಟವಾದ ಯೋಜನೆಯಲ್ಲಿ ಇದ್ದುದು 2 ಲಕ್ಷದವರೆಗಿನ ಸಾಲಕ್ಕೆ ಶೇ 3 ಮಾತ್ರ. ಈ ತಾರತಮ್ಯ ಹೋಗಬೇಕು. ಮೂರು, ಅಜ್ಜನ ಹೆಸರಿನಲ್ಲೇ ಉಳಿದ ಗಾವಠಾಣದ ಮನೆಗಳಿಗೆ ಇ–ಸ್ವತ್ತು ದಾಖಲೆಯನ್ನು ಗ್ರಾಮ ಪಂಚಾಯಿತಿಗಳು ಕಾಲಮಿತಿಯಲ್ಲಿ ಒದಗಿಸಬೇಕು. ಹಕ್ಕುಪತ್ರವಿಲ್ಲದವನಿಗೆ ಬ್ಯಾಂಕಿನ ಬಾಗಿಲು ತೆರೆಯದು. ಸಾಲವೇ ಸಿಗದವನಿಗೆ ಬಡ್ಡಿಯ ರಿಯಾಯಿತಿ ಕನ್ನಡಿಯೊಳಗಿನ ಗಂಟು.

ಮುಂದಿನ ಬಜೆಟ್ಟಿಗೆ ಮುನ್ನ 2 ಲಕ್ಷದ ಮಿತಿ ಏರಬೇಕೇ ಎಂಬ ಚರ್ಚೆ ಮತ್ತೆ ನಡೆಯುತ್ತದೆ. 1.20 ಲಕ್ಷದಲ್ಲಿ ತಂಬೂರಿನಲ್ಲಿ ಎಂತಹ ಮನೆ ಎದ್ದೀತು ಎಂಬ ಪ್ರಶ್ನೆಗೆ ಸರ್ಕಾರ ಅದಕ್ಕೂ ಮೊದಲು ಉತ್ತರಿಸಲಿ.